ಕಿಟಕಿಗಟ್ಟೆಯ ಮೇಲಿನ ಮೊಣಕೈ ಗುರುತು

2007ರಲ್ಲಿ ನಾನು ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸ್ ಆಗಿದ್ದೆ. ರೋಗಿಯ ಮನೆಗೇ ಹೋಗಿ ಡಯಾಲಿಸಿಸ್ ಮಾಡುವ ಕೆಲಸಕ್ಕೆ ನನ್ನನ್ನು ಆರಿಸಿದರು. ಕಾರಣ ನನ್ನ ಜಾಣತನವಲ್ಲ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು ಮತ್ತೊಮ್ಮೆ ಎಳೆಯುವ ಹೆಂಗಸು ನಾನು. ಇಂಥವಳು ಕೈ ತೊಳೆಯುವುದನ್ನು ಮರೆಯಲಾರಳು ಎಂದು ಡಾಕ್ಟರು ನಂಬಿದ್ದರು.

ರೋಗಿ ಸಂಡೂರಿನ ಈರಣ್ಣ, ಅದಿರು ಸಾಗಿಸುವ ಎರಡು ಲಾರಿಗಳ ಮಾಲೀಕರು. ಸಕ್ಕರೆ ಕಾಯಿಲೆ ಎರಡೂ ಕಿಡ್ನಿಗಳನ್ನು ಕೆಡಿಸಿ, ಕಣ್ಣನ್ನೂ ಮಬ್ಬಾಗಿಸಿತ್ತು. ಮಷೀನಿನ ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಬಳ್ಳಾರಿಗೆ ಹೋಗಬೇಕು. ಒಮ್ಮೆ ಲಾರಿಗಳ ಸಾಲಿನಲ್ಲಿ ಜೀಪು ಸಿಕ್ಕಿಕೊಂಡು, ಉಸಿರು ಕಟ್ಟಿ, ಹೋಗುವ ಜೀವ ಉಳಿದಿತ್ತು. ಹಾಗಾಗಿ ಸಿಎಪಿಡಿ, ಅಂದರೆ ಮಷೀನಿಲ್ಲದೆ ಮನೆಯಲ್ಲೇ ಮಾಡುವ ಡಯಾಲಿಸಿಸ್. ಹೊಟ್ಟೆಗೆ ಸಣ್ಣ ಕೊಳವೆ ಕೂರಿಸಿ ಎರಡು ಲೀಟರ್ ದ್ರಾವಣ ಬಿಡುತ್ತೇವೆ. ಅದು ಕೆಲವು ಗಂಟೆ ಒಳಗಿದ್ದು ಕಲ್ಮಶ ಹೀರಿಕೊಂಡ ಮೇಲೆ ಹೊರಗೆ ಹರಿಸಿ ಹೊಸದನ್ನು ತುಂಬುತ್ತೇವೆ. ದಿನಕ್ಕೆ ನಾಲ್ಕು ಸಲ, ಪ್ರತಿಸಲ ಸುಮಾರು ಅರ್ಧ ಗಂಟೆ. ಕೊಳವೆ ಜೋಡಿಸುವಾಗ ಧೂಳು ಸೋಕಿದರೆ ಒಳಗೆ ಸೋಂಕು. ಸಂಡೂರಿನಲ್ಲಿ ಆಗ ಗಣಿ ಧೂಳಿಗೆ ಬಿಳಿ ಮಲ್ಲಿಗೆಯೂ ಕೆಂಪಗೆ ಕಾಣುತ್ತಿತ್ತು. ಅದಕ್ಕೇ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೋಣೆಯಲ್ಲಿ ಈರಣ್ಣ ಮತ್ತು ನಾನು ಇಬ್ಬರೇ.

ಅವರ ಹೆಂಡತಿ ಗಂಗಮ್ಮ ಹೊರಗೆ. ಓದು ಬರದವರಿಗೆ ಇಂಥ ಸೂಕ್ಷ್ಮ ಕೆಲಸ ಆಗದು ಎಂದು ನಾನೇ ತೀರ್ಮಾನಿಸಿದ್ದೆ. ಅವರ ಮನೆಯ ಹಿಂದಿನ ಕೋಣೆಯಲ್ಲೇ ನನ್ನ ವಾಸ. ಎರಡನೇ ವಾರ ನನ್ನ ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತು. ಮೂರನೇ ವಾರ ಚಹಾ ತಣ್ಣಗೆ ಬಂತು. ಈರಣ್ಣ ಲಾರಿ ಡ್ರೈವರುಗಳ ಕಥೆ ಹೇಳಿ ನಗಿಸುತ್ತಿದ್ದರು. ಹೊರಬಂದರೆ ಗಂಗಮ್ಮ ಬಾಗಿಲ ಎದುರೇ ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು.

"ಭಾಳ ನಗಿ ಕೇಳ್ತಿತ್ತಲ್ರಿ ಸಿಸ್ಟರ್. ನಮ್ಮ ಮುಂದ ಮಾತ್ರ ಇವರಿಗೆ ಹೊಟ್ಟಿ ನೋವು."

ಹೊಸಪೇಟೆಯಲ್ಲಿದ್ದ ನನ್ನ ಗಂಡನಿಗೆ ಫೋನಿನಲ್ಲಿ ಹೇಳಿದೆ. "ನಿನ್ನ ಮ್ಯಾಲ ಹೊಟ್ಟಿಕಿಚ್ಚಾ? ಆಕಿ ಕಣ್ಣೂ ಒಮ್ಮೆ ಡಾಕ್ಟರಿಗೆ ತೋರಿಸು" ಎಂದ. ಮದುವೆಯಾದಂದಿನಿಂದ ನನ್ನ ವಿಷಯದಲ್ಲಿ ಒಮ್ಮೆಯೂ ಹೊಟ್ಟೆಕಿಚ್ಚು ಪಟ್ಟವನಲ್ಲ ಆತ. ಹಾಗಾಗಿ ಗಂಗಮ್ಮನ ಅನುಮಾನ ನನಗೆ ಒಳಗೊಳಗೇ ಖುಷಿ ಕೊಟ್ಟಿತ್ತು.

ಆ ಖುಷಿ ಬಾಳಲಿಲ್ಲ. ಮುಚ್ಚಿದ ಕೋಣೆಯಲ್ಲಿ, ಸ್ಪಿರಿಟ್ ಹಾಕಿ ಒರೆಸಿದ ಮೇಜಿನ ಮೇಲೆ ಕೆಂಪು ಧೂಳು ಕಾಣತೊಡಗಿತು. ಒಂದು ಬೆಳಿಗ್ಗೆ ಈರಣ್ಣನವರಿಗೆ ಜ್ವರ. ಹೊರಬಂದ ದ್ರಾವಣದ ಚೀಲದ ಹಿಂದೆ ಪೇಪರ್ ಹಿಡಿದರೆ ಅಕ್ಷರ ಕಾಣಬೇಕು. ಅಂದು ಅಕ್ಕಿ ತೊಳೆದ ನೀರಿನಂತಿತ್ತು. ಪೆರಿಟೋನೈಟಿಸ್, ಅಂದರೆ ಹೊಟ್ಟೆಯ ಒಳಪದರದ ಸೋಂಕು. ಡಾಕ್ಟರು ಚೀಲಕ್ಕೇ ಆಂಟಿಬಯಾಟಿಕ್ ಸೇರಿಸಿ ಕೊಟ್ಟರು. "ಈ ಸಲ ಔಷಧಿಗೆ ಬಗ್ಗೀತು. ಇದು ಹಿಂಗೇ ಮರುಕಳಿಸಿದ್ರ ಕೊಳವೆ ತೆಗೆದು ಬಳ್ಳಾರಿಗೆ ಕಳಿಸೋದೇ" ಎಂದರು. ಆ ರಸ್ತೆ ಎಂದರೆ ಈರಣ್ಣನವರಿಗೆ ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು.

ಧೂಳಿನ ದಾರಿ ಹುಡುಕುತ್ತ ಮನೆಯ ಸುತ್ತ ಬಂದೆ. ಕಿಟಕಿಯ ಹೊರಗಟ್ಟೆಯ ಮೇಲೆ ದಪ್ಪ ಕೆಂಪು ಧೂಳು. ನಡುವೆ ಎರಡು ಕಡೆ ಮಾತ್ರ ಕಲ್ಲು ಉಜ್ಜಿದಂತೆ ಹೊಳೆಯುತ್ತಿತ್ತು. ಯಾರೋ ದಿನವೂ ಮೊಣಕೈ ಊರಿ ನಿಂತ ಜಾಗ. ಕಿಟಕಿ ಬೆರಳಗಲ ತೆರೆದಿತ್ತು.

ಗಂಗಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. "ಅಕ್ಕಾ, ಆ ಕಿಟಕಿ ತೆಗೀತಿದ್ರೇನ್ರಿ?" ಎಂದೆ. ಕೈ ನಿಲ್ಲಲಿಲ್ಲ.

"ದಿನಾ ನಾಕು ಸಲ ಬಾಗ್ಲಾ ಹಾಕ್ಕೋತೀರಿ. ಓಣಿ ಮಂದಿ ಕೇಳ್ತಾರ, ನಾ ಏನಂತ ಹೇಳ್ಲಿ? ನನ್ನ ಗಂಡನ ಹೊಟ್ಟ್ಯಾಗ ಏನೈತಿ ಅಂತ ನಿಮಗ ಗೊತ್ತು, ನನಗ ಗೊತ್ತಿಲ್ಲ."

"ಆ ಸಂದಿಯಿಂದ ಬಂದ ಧೂಳೇ ಜ್ವರ ತಂದಿರಬಹುದ್ರಿ."

ಆಗ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. "ಹಂಗಂತ ಮೊದ್ಲ ಯಾಕ ಹೇಳ್ಲಿಲ್ರಿ?" ಎಂದರು ಮೆಲ್ಲಗೆ. ಹೊಸ ಮಾಸ್ಕ್ ಒಂದನ್ನು ತೆಗೆದು ಅವರ ಕೈಗಿಟ್ಟೆ. "ಒಳಗ ಬರ್ರಿ. ನೋಡೋದಾದ್ರ ಹತ್ರ ಕುಂತು ನೋಡ್ರಿ."

ನೋಡಿದರು, ಕಲಿತರು. ರೊಟ್ಟಿ ಬಡಿದ ಕೈಗೆ ನಡುಕವಿರಲಿಲ್ಲ. ಪೇಪರಿನ ಬದಲು ಚೀಲದ ಹಿಂದೆ ತಮ್ಮ ಬಳೆ ಹಿಡಿದು, ಅದರ ಚುಕ್ಕಿ ಕಂಡರೆ ಸರಿ ಎನ್ನುತ್ತಿದ್ದರು. ಕಿಟಕಿಯ ಸಂದಿಗೆ ತಾವೇ ಪಟ್ಟಿ ಅಂಟಿಸಿದರು. ಡಾಕ್ಟರು ಅವರ ಕೆಲಸ ಪರೀಕ್ಷಿಸಿ, ಇನ್ನು ಅವರೇ ಮಾಡಬಹುದೆಂದು ಒಪ್ಪಿದರು. ಮರುದಿನ ನಾನು ಕೈ ತೊಳೆದು ಬಂದರೆ ಗಂಗಮ್ಮ ಬಾಗಿಲಲ್ಲೇ ತಡೆದರು.

"ಸಿಸ್ಟರ್, ನೀವು ಹೊರಗ ಕುಂದ್ರಿ. ಒಳಗ ಮಂದಿ ಕಡಿಮಿ ಇದ್ದಷ್ಟು ಚಲೋ ಅಂತ ನೀವ ಹೇಳೀರಿ."

ಚಿಲಕ ಬಿತ್ತು. ನನಗೆ ಬಿಸಿ ಚಹಾ ಕೊಟ್ಟಿದ್ದರು, ತುಂಬ ಸಕ್ಕರೆ ಹಾಕಿ. ಒಳಗಿನಿಂದ ಈರಣ್ಣನವರ ಮಾತು, ಗಂಗಮ್ಮನ ನಗು. ಅದ್ಯಾವುದೋ ನನಗೆ ಹೇಳಿರದ ಕಥೆ. ಕ್ಲಿಪ್ ಸರಿಯಾಗಿ ಹಾಕಿದರೋ ಇಲ್ಲವೋ ಎಂದು ಚಿಂತೆಯಾಯಿತು ಅಂತ ಡಾಕ್ಟರಿಗಾದರೆ ಹೇಳಬಹುದು. ನನಗೆ ಬೇಕಾಗಿದ್ದದ್ದು ಆ ನಗುವಿನ ಕಾರಣ. ಚಹಾ ಬಿಟ್ಟು ಎದ್ದು ಆ ಕಿಟಕಿಯ ಹತ್ತಿರ ಹೋದೆ. ಪಟ್ಟಿ ಭದ್ರವಾಗಿತ್ತು, ಏನೂ ಕಾಣಲಿಲ್ಲ. ವಾಪಸ್ ಬರುವಷ್ಟರಲ್ಲಿ ಗಂಗಮ್ಮ ಚೀಲ ಹಿಡಿದು ಹೊರಬಂದರು. ದ್ರಾವಣ ತಿಳಿಯಾಗಿತ್ತು. ಅವರು ನೋಡುತ್ತಿದ್ದದ್ದು ನನ್ನ ಕೈಗಳನ್ನು.

"ಮೊಣಕೈಗೆ ಕೆಂಪು ಹತ್ತೇತ್ರಿ ಸಿಸ್ಟರ್. ತೊಳ್ಕೊಂಡು ಬರ್ರಿ, ಚಾ ಮತ್ತ ಕಾಸ್ತೀನಿ."

ಅದಾದ ಮೇಲೆ ನನ್ನನ್ನು ಕಂಪ್ಲಿಯ ಒಂದು ಮನೆಗೆ ಕಳಿಸಿದರು. ಅಲ್ಲಿ ಕೈ ತೊಳೆಯುವ ಮೊದಲೇ ಒಂದು ಪ್ರಶ್ನೆ ಕೇಳಿದೆ. ಇಂದಿಗೂ ಪ್ರತಿ ಹೊಸ ಮನೆಯಲ್ಲಿ ಅದನ್ನೇ ಕೇಳುತ್ತೇನೆ. "ಬಾಗ್ಲಾ ಹಾಕಿದ ಮ್ಯಾಲ ಹೊರಗ ಕುಂದ್ರೋರು ಯಾರ್ರಿ?" ಮೊದಲ ಮಾಸ್ಕ್ ಅವರಿಗೆ.