ಜೋಡಿ ಕಾಯಿ

ಮೀನು ಹಿಡಿಯುವುದನ್ನು ಕಣ್ಣಾರೆ ನೋಡಬೇಕೆಂಬ ಹುಚ್ಚು, ಮೀನು ತಿನ್ನದ ಮನೆಯವಳಾದ ನನಗೆ ಯಾಕೆ ಹಿಡಿಯಿತೋ! ಕಡೂರಿನಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿಯ ಅಣ್ಣನಿಗೆ ಕುಂದಾಪುರದ ಕಡೆ ಸ್ವಂತ ದೋಣಿಯಿದೆ. ಎಂಜಿನ್ ಇದ್ದರೂ ಗಾಳಿ ಸಿಕ್ಕರೆ ಹಾಯಿ ಬಿಚ್ಚುವ ಮನುಷ್ಯ. ರಜೆಯಲ್ಲಿ ಬನ್ನಿ ಎಂದರು. ಸಿಂಗಟಗೆರೆಯಿಂದ ಅಪ್ಪನೂ ಹೊರಟುಬಂದರು, ಕೈಯಲ್ಲಿ ಹಗ್ಗ ಬಿಗಿದ ಎರಡು ಒಣ ತೆಂಗಿನಕಾಯಿ, ಸಿಪ್ಪೆ ಸಮೇತ.

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಯುವುದು ಹೀಗೇ. ಜೋಡಿ ಕಾಯಿ ಬೆನ್ನಿಗೆ ಕಟ್ಟಿ ನೀರಿಗೆ ಬಿಡುತ್ತಾರೆ, ಕಲಿತ ಮೇಲೆ ಬಿಚ್ಚುತ್ತಾರೆ. ನನ್ನದನ್ನು ಅಪ್ಪ ಬಿಚ್ಚಲೇ ಇಲ್ಲ. ಓರಗೆಯವರೆಲ್ಲ ಮೇಲಿಂದ ಧುಮುಕುವಾಗ ನಾನು ಕಾಯಿ ಹೊತ್ತುಕೊಂಡು ಮೆಟ್ಟಿಲ ಹತ್ತಿರವೇ ಸುತ್ತಬೇಕಿತ್ತು. ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಈಗಲೂ ಬರುತ್ತದೆ.

ದೋಣಿಯವರು ಕೊಟ್ಟ ಲೈಫ್ ಜಾಕೆಟ್ಟಿನ ಮೇಲೆಯೇ ಅಪ್ಪ ಕಾಯಿ ಕಟ್ಟತೊಡಗಿದರು.

"ಅಪ್ಪಾ, ನನ್ ಮಗಳೇ ಹೈಸ್ಕೂಲಿಗೆ ಹೋಗ್ತಾಳೆ ಕಣಪ್ಪಾ!"

"ಸುಮ್ನೆ ನಿಂತ್ಕಳೇ. ಈ ಸಮುದ್ರಕ್ಕೆ ಮೆಟ್ಲು ಎಲ್ಲೈತೆ ತೋರ್ಸು?"

ಹಾಯಿ ಉಬ್ಬಿದ್ದೇ ತಡ, ದೋಣಿ ಸದ್ದಿಲ್ಲದೆ ಓಡಿತು. ನೀರಿನ ಮೇಲೆ ಗುರುತೇ ಇಲ್ಲವಲ್ಲ, ನಿಮ್ಮ ಜಾಗ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ದೂರದ ಗುಡ್ಡವೂ ದಡದ ಮೊಬೈಲ್ ಟವರೂ ಒಂದೇ ಸಾಲಿಗೆ ಬಂದರೆ ಬಲೆ ಬಿಡುತ್ತೇನೆ ಎಂದರು.

"ನಮ್ ಹೊಲದ ಗಡಿಗೆ ನೆಟ್ಟ ಬಾಂದುಕಲ್ಲು ಇದ್ದಂಗೆ," ಎಂದರು ಅಪ್ಪ. "ಅಂಗಾದ್ರೆ ಖಾತೆ ಯಾರ ಹೆಸ್ರಲ್ಲೈತೆ?" ದೋಣಿಯವರು ಬಿದ್ದು ಬಿದ್ದು ನಕ್ಕರು.

ಬಲೆ ಎಳೆಯುವಾಗ ನಗು ನಿಂತಿತು. ಅರ್ಧ ಬಂದ ಬಲೆ ತಳದ ಬಂಡೆಗೆ ಸಿಕ್ಕಿಕೊಂಡಿತ್ತು. ಗಾಳಿ ಜೋರಾಗಿ ದೋಣಿ ಒಂದು ಮಗ್ಗುಲಿಗೆ ವಾಲತೊಡಗಿತು. ಬಲೆಯ ಹಗ್ಗ ಬಿಡಲೇಬೇಕು; ತುದಿಗೆ ತೇಲುವಂಥದ್ದೇನಾದರೂ ಕಟ್ಟಿ ಬಿಟ್ಟರೆ ನಾಳೆ ಬಂದು ಬಿಡಿಸಬಹುದು. ಆದರೆ ಅದಕ್ಕೆಂದೇ ಇಟ್ಟಿದ್ದ ಪ್ಲಾಸ್ಟಿಕ್ ಕ್ಯಾನು ಒಡೆದು ನೀರು ತುಂಬಿಕೊಂಡಿತ್ತು.

"ಮಳೆಗಾಲ ಪೂರ್ತಿ ಕೂತು ಕಟ್ಟಿದ ಬಲೆ ಮಾರಾಯ್ರೆ," ಎಂದರು ದೋಣಿಯವರು. ಅವರ ಮುಖ ನೋಡಲಾಗಲಿಲ್ಲ.

ಅಪ್ಪ ನನ್ನ ಬೆನ್ನು ನೋಡಿದರು, ನೀರು ನೋಡಿದರು. ಮತ್ತೆ ನನ್ನ ಬೆನ್ನು ನೋಡಿದರು. ಆಮೇಲೆ ಗಂಟು ಬಿಚ್ಚಿ, "ತಗಳಪ್ಪಾ," ಎಂದು ಕಾಯಿ ಕೊಟ್ಟರು. ದಡ ಮುಟ್ಟುವವರೆಗೂ ನನ್ನ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದರು. ನಾನೂ ಬಿಡಿಸಿಕೊಳ್ಳಲಿಲ್ಲ.

ಮರುದಿನ ನಾವು ಊರಿಗೆ ಬಂದ ಮೇಲೆ ದೋಣಿಯವರ ಫೋನ್ ಬಂತು. ಬಲೆ ಸಿಕ್ಕಿತ್ತು, ಕಾಯಿ ತೇಲುತ್ತಲೇ ಇದ್ದವಂತೆ. ತಂಗಿಯ ಕೈಯಲ್ಲಿ ವಾಪಸ್ ಕಳಿಸಲಾ ಎಂದು ಕೇಳಿದರು.

ಅಪ್ಪ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಬ್ಯಾಡ ಬಿಡಪ್ಪಾ, ನೀನೇ ಇಟ್ಕ. ನಮ್ ಹುಡುಗೀಗೆ ಈಜು ಬತ್ತೈತೆ."