ಹೊರಗೆ ಸರಿಯುವ ಕಣ್ಣು, ಬೆನ್ನು ಬಿಡದ ಡಾಕ್ಟರು

ಓರೆಗಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಡಾ. ಮಹಾನಂದಾ ಅವರಿಗೆ ಸರಿಸಾಟಿಯಾದವರು ಧಾರವಾಡ ಜಿಲ್ಲೆಯಲ್ಲಿಲ್ಲ ಎಂದರೆ ಅದು ತೀರ ಸಂಕೋಚದ ಮಾತಾದೀತು. ಭೂಮಂಡಲದಲ್ಲಿಯೇ ಇಲ್ಲವೆಂದು ಬರೆದುಕೊಡಲು ಅವರ ಕೈಕೆಳಗೆ ಕಲಿತವರೆಲ್ಲ ಸಿದ್ಧರಿದ್ದಾರೆ. ಅವರು ಕಣ್ಣಿನ ಸ್ನಾಯುವನ್ನು ಸರಿಸಿ ಹೊಲಿದರೆ ಸೂಜಿಗೂ ಸುಳಿವು ಸಿಗುವುದಿಲ್ಲ. ಆದರೆ ಹೊಲಿದ ಕಣ್ಣು ವರ್ಷಗಳ ನಂತರ ಎಲ್ಲಿ ನಿಂತೀತೆಂದು ಅಂದಾಜು ಮಾಡುವುದೇ ಅವರ ನಿಜವಾದ ವಿದ್ಯೆ.

ಸೇವೆಯ ಆರಂಭದಲ್ಲಿ, ತಿರ್ಲಾಪುರದ ಹತ್ತಿ ವ್ಯಾಪಾರಿ ಮಾಬುಸಾಬರ ಪುಟ್ಟ ಮಗಳು ಶಬನಮ್‌ಳ ಹೊರಗೆ ಜಾರುವ ಕಣ್ಣಿಗೆ ಅವರು ಶಸ್ತ್ರಚಿಕಿತ್ಸೆ ಮಾಡಿದರು. ಪಟ್ಟಿ ಬಿಚ್ಚಿದಾಗ ಕಣ್ಣು ತುಸು ಮೂಗಿನ ಕಡೆ ವಾಲಿತ್ತು. ಮಾಬುಸಾಬರ ಕೂಗಿಗೆ ಅಣ್ಣಿಗೇರಿಯಲ್ಲಿ ರೈಲು ನಿಂತಿತಂತೆ.

“ಹೊರಗ ಹೊಂಟಿದ್ದ ಕಣ್ಣ ಒಳಗ ತಂದು ಕುಂದರಿಸೀರಲ್ರಿ ಡಾಕ್ಟರಬಾಯಾರ! ಇನ್ನೊಮ್ಮಿ ಆಪರೇಶನ್ ಮಾಡ್ರಿ, ಇಲ್ಲಾಂದ್ರ ಬ್ಯಾರೆ ಕಡೆ ಒಯ್ತೀನಿ.”

“ಬೇಕಂತನ ಒಳಗ ಬಿಟ್ಟೀನ್ರಿ ಮಾಬುಸಾಬ್ರ. ಇವತ್ತ ಅಗದಿ ನೆಟ್ಟಗ ನಿಲ್ಲಿಸಿದ್ರ ಬರ್ತಾ ಬರ್ತಾ ಮತ್ತ ಹೊರಗ ಹೋಗ್ತದ.”

“ಖಾತ್ರಿ ಏನ್ರಿ?”

“ಖಾತ್ರಿ ಇಲ್ರಿ. ಅಂದಾಜು ಅದ.”

ಅವಸರದಿಂದ ಮತ್ತೆ ಕೊಯ್ದರೆ ಕಣ್ಣು ಕೆಡಬಹುದು. ಅಂದಾಜು ತಪ್ಪಿದರೆ ಹುಡುಗಿಗೆ ಒಂದೊಂದೂ ಎರಡೆರಡಾಗಿ ಕಾಣಬಹುದು. ಮಹಾನಂದಾ ಅವರಿಗೆ ಒಳಗೊಳಗೇ ಅಂಜಿಕೆಯಿತ್ತು. ಆದ್ದರಿಂದ ತಾವೇ ಬಸ್ಸು ಹತ್ತಿ ವಾರವಾರ ತಿರ್ಲಾಪುರಕ್ಕೆ ಹೋದರು. ಮಗುವನ್ನು ಹೊಲದ ಬದುವಿನ ಮೇಲೆ ನಿಲ್ಲಿಸಿ, ಬಿಸಿಲಿನಲ್ಲಿ ದೂರದ ನವಲಗುಂದದ ಗುಡ್ಡ ನೋಡಿಸುವುದು ಅವರ ಪರೀಕ್ಷೆ. “ಖೋಲಿಯೊಳಗ ಎಲ್ಲಾ ಕಣ್ಣೂ ಶಾಣ್ಯಾ ಇರ್ತಾವ, ಬಿಸಿಲಾಗ ದೂರ ನೋಡಿದ್ರನ ಜಾರೋದು ಗೊತ್ತಾಗ್ತದ” ಎನ್ನುತ್ತಿದ್ದರು. ಹತ್ತಿ ಬಿಡಿಸುವ ಹೊತ್ತಿಗೆ ಕಣ್ಣು ನೆಟ್ಟಗೆ ನಿಂತಿತು. ಆಗ ಮಾಬುಸಾಬರು ಕಳಿಸಿದ ಹತ್ತಿಯಿಂದ ಉಬ್ಬಿದ ಆಸ್ಪತ್ರೆಯ ದಿಂಬುಗಳು ಇಂದಿಗೂ ಇಳಿದಿಲ್ಲ.

ಈಗ ಕಲಘಟಗಿಯಲ್ಲಿ ಶಿಕ್ಷಕಿಯಾಗಿರುವ ಶಬನಮ್ ಕಳೆದ ವಾರ ತೋರಿಸಿಕೊಳ್ಳಲು ಬಂದಿದ್ದಳು. ಕೋಣೆಯಲ್ಲಿ ಕಣ್ಣು ನೆಟ್ಟಗಿತ್ತು. ಮಹಾನಂದಾ ಅವರು ಅಂಗಳಕ್ಕೆ ಕರೆದೊಯ್ದರು. ದೂರ ನೋಡುತ್ತಿದ್ದಂತೆ ಒಂದು ಕಣ್ಣು ಮೆಲ್ಲಗೆ ಹೊರಗೆ ಸರಿಯಿತು. ರೆಪ್ಪೆ ಮಿಟುಕಿಸಿದೊಡನೆ ಮರಳಿತು.

“ನನ್ನ ಅಂದಾಜು ಪೂರಾ ಖರೆ ಆಗ್ಲಿಲ್ಲ ನೋಡವಾ.”

“ಬಿಡ್ರಿ ಮೇಡಂ. ಮೊದಲ ಹೋದ್ರ ಬರತಿದ್ದಿಲ್ಲ. ಈಗ ಕರದ್ರ ಬರ್ತೈತಿ.”

“ಹಂಗಾದ್ರ ಆಪರೇಶನ್ ಬ್ಯಾಡ. ಹತ್ತು ವರ್ಷ ಬಿಟ್ಟು ಬಾ, ನೋಡೂಣು.”

ಡಾಕ್ಟರು ನಿವೃತ್ತಿಯ ಹೊಸ್ತಿಲಲ್ಲಿರುವಾಗ ಆಡಿದ ಮಾತಿದು. ದೂರದ ಫಲ ಹೇಳಿದವರು ಅದನ್ನು ನೋಡಲು ಇರಲೂಬೇಕು. ಡಾ. ಮಹಾನಂದಾ ಅವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ. ಹತ್ತು ವರ್ಷದ ನಂತರ ಶಬನಮ್ ಬಂದು ಕದ ತಟ್ಟಿದಾಗ ತೆರೆಯುವ ಕೈ ಅವರದೇ ಆಗಿರಲಿ.