ಹುಳದ ಮನೆಯಲ್ಲಿ ಕೊಬ್ಬಿನ ಪಂದ್ಯ

ನನ್ನ ಮೈಯ ಕೊಬ್ಬು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಬೆಳಿಗ್ಗೆ ಎದ್ದಾಗ ಮೂವತ್ತೊಂದು ಪರ್ಸೆಂಟ್. ಮಧ್ಯಾಹ್ನ, ಅದೂ ಹಬ್ಬದೂಟ ಮುಗಿಸಿ ಬಂದ ಮೇಲೆ, ಇಪ್ಪತ್ತೊಂಬತ್ತು. ಇದನ್ನು ಕಂಡ ದಿನ ಅಡುಗೆಮನೆಗೆ ಓಡಿ ಇನ್ನೆರಡು ಒಬ್ಬಟ್ಟು ತಿಂದು ಬಂದೆ. ವಿಜ್ಞಾನಕ್ಕೆ ಪುರಾವೆ ಬೇಕಲ್ಲ!

ಮಳೆ ಬಂದ ದಿನ, ಬಸ್ಸು ತಡವಾದ ದಿನ ಎಲ್ಲವನ್ನೂ ಬರೆದಿಡುವ ಸ್ವಭಾವ ನನ್ನದು. ಅದಕ್ಕೆ ಸರಿಯಾಗಿ ಕೊಬ್ಬು ತೋರಿಸುವ ತೂಕದ ಮಿಷನ್ ತರಿಸಿಕೊಂಡೆ. ಗಾಜಿನ ಹಲಗೆ, ಬರಿಗಾಲಲ್ಲಿ ಹತ್ತಬೇಕು. ಅಂಕಿಯ ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆಯತೊಡಗಿದಾಗ ಅದರ ಹೂರಣ ಹೊರಬಿತ್ತು. ಈ ಮಿಷನ್ನಿಗೆ ಕೊಬ್ಬು ಕಾಣುವುದೇ ಇಲ್ಲ! ಅದು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ನಮಗೆ ತಿಳಿಯದಷ್ಟು ಸಣ್ಣ ಕರೆಂಟು ಹರಿಸುತ್ತದೆ. ನೀರು ತುಂಬಿದ ಮಾಂಸಖಂಡ ದಾರಿ ಬಿಡುತ್ತದೆ, ಕೊಬ್ಬು ಅಡ್ಡ ನಿಲ್ಲುತ್ತದೆ. ಎಷ್ಟು ಅಡ್ಡಿಯೋ ಅಷ್ಟು ಕೊಬ್ಬು ಎಂಬುದು ಅದರ ಲೆಕ್ಕ. ಆದರೆ ಚಳಿಗೆ ಚರ್ಮ ಮುದುಡಿ, ರಕ್ತ ಒಳಮನೆ ಸೇರಿ ಬಾಗಿಲು ಹಾಕಿಕೊಂಡರೂ ಕರೆಂಟಿಗೆ ಅಡ್ಡಿಯೇ. ಪಾಪ, ಮಿಷನ್ ಅದನ್ನೂ ಕೊಬ್ಬಿನ ಖಾತೆಗೆ ಸೇರಿಸುತ್ತದೆ. ನಮ್ಮೂರು ಆವತಿಯ ಹತ್ತಿರ. ಧನುರ್ಮಾಸದಲ್ಲಿ ನಂದಿ ಬೆಟ್ಟದ ಕಡೆಯಿಂದ ಗಾಳಿ ಬೀಸುವಾಗ ನಮ್ಮ ಹಜಾರದಲ್ಲಿ ನಿಂತರೆ ಕಡ್ಡಿಯಂಥವರೂ ಕುಂಬಳಕಾಯಿಯಾಗುತ್ತಾರೆ.

ಈ ಜ್ಞಾನವನ್ನು ಚಿಕ್ಕಪ್ಪನಿಗೆ ಹೇಳಲಿಲ್ಲ. ಕಾರಣ, ನಮ್ಮಿಬ್ಬರ ಪಂದ್ಯ. ಸಂಕ್ರಾಂತಿ ಬೆಳಿಗ್ಗೆಯ ಹೊತ್ತಿಗೆ ಯಾರ ಕೊಬ್ಬು ಹೆಚ್ಚು ಇಳಿದಿರುತ್ತದೋ ಅವರು ಗೆದ್ದಂತೆ. ಸೋತವರು ಯುಗಾದಿಯವರೆಗೆ ದಿನಾ ಮುಂಜಾನೆ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗಬೇಕು. ಆ ಚಳಿಯಲ್ಲಿ ಕಂಬಳಿ ಬಿಟ್ಟು ಏಳುವುದೆಂದರೆ ನನಗೆ ಪ್ರಾಣಸಂಕಟ. ಇಷ್ಟು ವರ್ಷ ಎದ್ದೂ ಎದ್ದೂ ಬೇಸತ್ತ ಚಿಕ್ಕಪ್ಪನಿಗೆ ಇನ್ನೂ ಹೆಚ್ಚು. ಮೊದಲ ಅಳತೆಯನ್ನು ಇಬ್ಬರೂ ಹಜಾರದಲ್ಲಿ ನಡುಗುತ್ತಾ ಕೊಟ್ಟೆವು. ಕೊನೆಯ ಅಳತೆ ಎಲ್ಲಿ ಎಂದು ಮಾತ್ರ ಯಾರೂ ನಿಯಮ ಮಾಡಿರಲಿಲ್ಲ.

ನಮ್ಮ ಹಿತ್ತಿಲಲ್ಲಿ ರೇಷ್ಮೆ ಹುಳ ಸಾಕುವ ಮನೆಯಿದೆ. ನಮಗೆ ಚಳಿಯಾದರೆ ಕಂಬಳಿ. ಹುಳಕ್ಕೆ ಚಳಿಯಾದರೆ ಹೀಟರ್! ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿಂದು ಅವು ಊದಿಕೊಂಡಷ್ಟೂ ಮನೆಯವರೆಲ್ಲ ಹಿಗ್ಗುತ್ತಾರೆ. ನಾನು ಎರಡನೇ ಮುದ್ದೆಗೆ ಕೈ ಚಾಚಿದರೆ ಅಮ್ಮನಿಗೆ ಕೆಮ್ಮು ಬರುತ್ತದೆ.

ಸಂಕ್ರಾಂತಿ ಬೆಳಿಗ್ಗೆ ಮಿಷನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹುಳದ ಮನೆಗೆ ಹೋದೆ. ನಾನು ಇಲ್ಲಿ ಬೆಚ್ಚಗೆ ಹತ್ತಿ, ಚಿಕ್ಕಪ್ಪನನ್ನು ಹಜಾರದಲ್ಲಿ ಹತ್ತಿಸುವ ಲೆಕ್ಕ ನನ್ನದು, ಆದರೆ ಅವರು ಆಗಲೇ ಒಳಗೆ ಸೊಪ್ಪು ಹಾಕುತ್ತಿದ್ದರು. ಬಾಗಿಲಲ್ಲಿ ಅಜ್ಜಿ.

“ಏನೇ ಅದು?”

“ತೂಕದ ಮಿಷನ್ ಅಜ್ಜಿ. ಇಲ್ಲೇ ನೋಡ್ಬಿಡೋಣ ಅಂತ.”

“ಹುಳಾನ ಯಾರಾದ್ರೂ ತೂಗ್ತಾರೇನೇ? ಗೂಡು ಕಟ್ಲಿ ತಡಿ.”

“ಹುಳ ಅಲ್ಲ ಅಜ್ಜಿ, ನಮ್ಮನ್ನ!”

“ಯಾರನ್ನಾದ್ರೂ ತೂಗ್ಕೋ. ಮೊದ್ಲು ಕಾಲು ಅದ್ದಿ ಬಾ.”

ಹೊರಗಿನ ರೋಗ ಹುಳಕ್ಕೆ ತಗಲಬಾರದೆಂದು ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿದೆ. ಅದರಲ್ಲಿ ಕಾಲಿಡದೆ ದೇವರಿಗೂ ಪ್ರವೇಶವಿಲ್ಲ. ಇಡೀ ರಾತ್ರಿ ಬಯಲಲ್ಲಿದ್ದ ನೀರು! ಚಳಿ ನೆತ್ತಿಗೇರಿತು. ಅಜ್ಜಿಗೆ ಸಮಾಧಾನವಾಗುವವರೆಗೂ ನಿಂತು, ಕಾಲು ಒರೆಸಿಕೊಂಡು, ಮಿಷನ್ನನ್ನೂ ಒರೆಸಿ ಒಳಹೊಕ್ಕೆ.

ಮೊದಲು ಚಿಕ್ಕಪ್ಪ ಹತ್ತಿದರು. ಬಹಳ ಹೊತ್ತಿನಿಂದ ಆ ಬೆಚ್ಚನೆಯ ಕೋಣೆಯಲ್ಲಿ ಓಡಾಡಿ ಬೆವೆತಿದ್ದವರು. ಎರಡೂವರೆ ಪರ್ಸೆಂಟ್ ಇಳಿದಿತ್ತು. ಆಮೇಲೆ ನಾನು. ಕೋಣೆಯೇನೋ ಬಿಸಿ, ಪಾದಗಳು ಐಸ್‌ಕ್ಯಾಂಡಿ. ಅರ್ಧ ಪರ್ಸೆಂಟ್ ಏರಿತ್ತು!

“ಇದು ಲೆಕ್ಕಕ್ಕಿಲ್ಲ ಚಿಕ್ಕಪ್ಪ. ನನ್ ಕಾಲು ತಣ್ಣಗಿದೆ, ಸ್ವಲ್ಪ ತಡೀರಿ.”

“ಕಾಲು ತಣ್ಣಗಿದ್ರೆ ಕೊಬ್ಬು ಜಾಸ್ತಿ ಆಯ್ತದಾ?”

“ಆಗುತ್ತೆ!”

“ಹಂಗಾದ್ರೆ ಬೆಚ್ಚಗಿದ್ರೆ ಕಮ್ಮಿ ಆಯ್ತದೆ. ಅದಕ್ಕೇ ಇಲ್ಲಿಗೆ ಹೊತ್ಕೊಂಡ್ ಬಂದಿದೀಯ!” ಚಿಕ್ಕಪ್ಪ ನಗು ತಡೆಯಲಾರದೆ ಸೊಪ್ಪಿನ ರಾಶಿಯ ಪಕ್ಕ ಕುಸಿದು ಕೂತರು. “ಅವ್ವಾ, ನಿನ್ ಮೊಮ್ಮಗಳ ಕಿಲಾಡಿತನ ನೋಡು! ನಾಳೆ ಬೇಗ ಎದ್ದೇಳಮ್ಮ ಮೇಡಮ್ಮು. ಕ್ಯಾನು ತೊಳೆದಿಟ್ಟಿರ್ತೀನಿ.”

ಮರುದಿನ ಮುಂಜಾನೆ ನಾನು ಮಫ್ಲರ್ ಸುತ್ತಿಕೊಂಡು, ಕ್ಯಾನಿಗೂ ಒಂದು ಹಳೇ ಶಾಲು ಸುತ್ತಿ, ಸಿಡುಕುತ್ತಾ ಡೈರಿಯ ಸಾಲಿನಲ್ಲಿ ನಿಂತೆ. ಅಲ್ಲೂ ಒಂದು ಮಿಷನ್. ಅದೂ ಕೊಬ್ಬನ್ನೇ ಅಳೆಯುತ್ತದೆ, ಹಾಲಿನದು. ನನ್ನ ಮುಂದಿದ್ದ ಹೆಂಗಸು, “ಥಂಡಿಗೆ ಹಾಲು ತಣ್ಣಗಾಗೋಗದೆ, ಇನ್ನೊಂದ್ಸಲ ನೋಡಪ್ಪ” ಎಂದು ಪಟ್ಟು ಹಿಡಿದಿದ್ದಳು. ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ನನ್ನ ಸರದಿ ಬಂದಾಗ ಡೈರಿಯವನು ಕೂಗಿದ:

“ನಾಲ್ಕು ಪಾಯಿಂಟ್ ಎರಡು! ಒಳ್ಳೆ ಫ್ಯಾಟ್ ಬಂದದೆ ಕಣಮ್ಮ.”

ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ಗೌರವದಿಂದ ನೋಡಿದರು. ಕೊಬ್ಬಿನ ವಿಷಯದಲ್ಲಿ ನನಗೆ ಸಿಕ್ಕಿದ ಮೊದಲ ಅಭಿನಂದನೆ ಅದು. ಖಾಲಿ ಕ್ಯಾನು ಬೀಸುತ್ತಾ, ಅರ್ಧ ದಾರಿ ಕುಣಿದುಕೊಂಡೇ ಮನೆಗೆ ಬಂದೆ.

ಕಂಬಳಿಯೊಳಗಿಂದ ಚಿಕ್ಕಪ್ಪನ ದನಿ: “ಎಷ್ಟು ಬಂತು?”

ಹೇಳಿದೆ. ಚಿಕ್ಕಪ್ಪ ದಡಕ್ಕನೆ ಎದ್ದು ಕೂತರು. “ನನ್ ಕೈಲಿ ಒಂದಿನಾನೂ ನಾಲ್ಕು ದಾಟಿಲ್ವಲ್ಲೇ! ಏನ್ ಮಾಡ್ದೆ ನಿಜ ಹೇಳು.”

ಕ್ಯಾನಿಗೆ ಸುತ್ತಿದ್ದ ಶಾಲನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಸುಮ್ಮನೆ ನಕ್ಕೆ. ಅದರ ಮಾರನೆಯ ದಿನ ನಾನು ಕಣ್ಣುಜ್ಜುತ್ತಾ ಹೊರಬಂದರೆ, ಪಂದ್ಯ ಗೆದ್ದ ಚಿಕ್ಕಪ್ಪ ಕ್ಯಾನು ಹಿಡಿದು, ಹಲ್ಲು ಕಟಕಟಿಸುತ್ತಾ ಅಂಗಳದಲ್ಲಿ ನಿಂತಿದ್ದರು. ಕಂಬಳಿಯೊಳಗೆ ನಿದ್ದೆ ಹತ್ತಲಿಲ್ಲವಂತೆ. ಮನುಷ್ಯನನ್ನು ಚಳಿಯಲ್ಲಿ ಎಬ್ಬಿಸಲು ಸೋಲೇ ಬೇಕಾಗಿಲ್ಲ, ಪಕ್ಕದವರ ಒಂದು ಪಾಯಿಂಟ್ ಸಾಕು. ಈಗ ಯುಗಾದಿಯವರೆಗೆ ಇಬ್ಬರೂ ಹೋಗುತ್ತೇವೆ. ಕ್ಯಾನು ಅವರೇ ಹೊರುತ್ತಾರೆ.